ಸ್ವಿಚ್‌ನಲ್ಲಿ ಮಲ್ಟಿಕಾಸ್ಟ್ ಗುಂಪಿನ ಸದಸ್ಯತ್ವ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆ ಫೈಬರ್ ಮೇಲೆ ಟಿವಿ ಕೊಡುವ ಕೇಬಲ್ ಆಪರೇಟರ್‌ಗಳು, ರೆಸಾರ್ಟ್ ಮತ್ತು ಹೋಂಸ್ಟೇಗಳ ನೆಟ್‌ವರ್ಕ್ ನೋಡಿಕೊಳ್ಳುವವರು, ಸಿಸಿಟಿವಿ ಹಾಕುವವರು, ಕಾಲೇಜುಗಳ ಲ್ಯಾಬ್ ಸಿಬ್ಬಂದಿ: ಇವರೆಲ್ಲ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳು ಲೇಯರ್ 3 ಸ್ವಿಚ್, ಅಂದರೆ ರೂಟಿಂಗ್ ಕೂಡ ಮಾಡುವ ಸ್ವಿಚ್‌ಗೆ ಸಂಬಂಧಿಸಿದವು. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಕಂಪನಿಯಿಂದ ಕಂಪನಿಗೆ ಒಂದೆರಡು ಪದ ಬದಲಾಗುತ್ತದೆ, ಕೆಲಸ ಬದಲಾಗುವುದಿಲ್ಲ.

ಮಲ್ಟಿಕಾಸ್ಟ್ ಗುಂಪು ಅಂದರೆ ಏನು? ಅದರ ಲೆಕ್ಕ ಯಾರು ಇಡುತ್ತಾರೆ?

ಮಲ್ಟಿಕಾಸ್ಟ್ ಅಂದರೆ ಒಂದೇ ಪ್ರಸಾರವನ್ನು ಕೇಳಿದವರಿಗೆಲ್ಲ ಒಟ್ಟಿಗೆ ಕಳಿಸುವುದು, ಕೇಳಿದವರೆಲ್ಲ ಸೇರಿ ಒಂದು ಗುಂಪು. 224.0.0.0 ರಿಂದ 239.255.255.255 ವರೆಗಿನ ಯಾವುದೇ ಐಪಿ ವಿಳಾಸ ಒಂದು ಗುಂಪಿನ ಹೆಸರು. ಆ ವಿಳಾಸ ಯಾವ ಯಂತ್ರದ್ದೂ ಅಲ್ಲ. ಹೆಡ್‌ಎಂಡ್‌ನ (ಚಾನೆಲ್‌ಗಳು ಹೊರಡುವ ಕೇಂದ್ರ) ಎನ್‌ಕೋಡರ್, ಅಂದರೆ ಚಿತ್ರವನ್ನು ಐಪಿ ಪ್ಯಾಕೆಟ್ ಮಾಡಿ ಕಳಿಸುವ ಯಂತ್ರ, ಒಂದು ಚಾನೆಲ್ಲನ್ನು 239.10.1.7 ಕ್ಕೆ ಕಳಿಸುತ್ತದೆ. ಆ ಚಾನೆಲ್ ಬೇಕಾದ ಸೆಟ್‌ಟಾಪ್ ಬಾಕ್ಸ್ "ನಾನು 239.10.1.7 ಕ್ಕೆ ಸೇರಿದ್ದೇನೆ" ಎಂದು ಹೇಳುತ್ತದೆ. ಹೀಗೆ ಹೇಳುವ ಭಾಷೆಯೇ ಐಜಿಎಂಪಿ. ಇದರ ಮೊದಲ ಆವೃತ್ತಿ 1989 ರಲ್ಲಿ ಬಂತು, ಎರಡನೆಯದು 1997 ರಲ್ಲಿ, ಮೂರನೆಯದು 2002 ರಲ್ಲಿ.

ಎನ್‌ಕೋಡರ್‌ಗೆ ಯಾರು ನೋಡುತ್ತಿದ್ದಾರೆ ಎಂಬುದು ಗೊತ್ತೇ ಇರುವುದಿಲ್ಲ. ಸೆಟ್‌ಟಾಪ್‌ಗೂ ಪಕ್ಕದ ಮನೆಯವರು ಏನು ನೋಡುತ್ತಿದ್ದಾರೆಂದು ಗೊತ್ತಿಲ್ಲ. ಲೆಕ್ಕವೆಲ್ಲ ನಡುವೆ ಇರುವ ಸ್ವಿಚ್‌ನದು. ಹಾಗಾಗಿ ಚಿತ್ರ ನಿಂತಾಗ ಮೊದಲು ನೋಡಬೇಕಾದದ್ದು ಸ್ವಿಚ್‌ನ ಗುಂಪಿನ ಪಟ್ಟಿ, ಸೆಟ್‌ಟಾಪ್ ಅಲ್ಲ.

ಕ್ವೆರಿ, ರಿಪೋರ್ಟ್, ಲೀವ್: ಇವು ಮೂರಕ್ಕೂ ಏನು ಸಂಬಂಧ?

ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸು ನೆನಪಿಸಿಕೊಳ್ಳಿ. ಕಂಡಕ್ಟರ್ "ಹಗರೆ ಇಳಿಯೋರು ಯಾರಿದ್ದೀರಿ?" ಎಂದು ಕೂಗುತ್ತಾರೆ. ಹಿಂದಿನ ಸೀಟಿನಿಂದ ಒಬ್ಬರು "ಇದ್ದೀವಿ" ಅಂದರೆ ಸಾಕು, ಹಗರೆಗೆ ಇಳಿಯುವ ಉಳಿದವರು ಬಾಯಿ ಬಿಡುವುದಿಲ್ಲ. ಬಸ್ಸು ನಿಲ್ಲುವುದು ಖಾತ್ರಿಯಾಯಿತಲ್ಲ. ಕಂಡಕ್ಟರ್ ಕೂಗು ಕ್ವೆರಿ, "ಇದ್ದೀವಿ" ಎಂಬುದು ರಿಪೋರ್ಟ್. ಐಜಿಎಂಪಿ ಎರಡನೇ ಆವೃತ್ತಿ ಹೀಗೇ ನಡೆಯುತ್ತದೆ: ಒಬ್ಬರ ರಿಪೋರ್ಟ್ ಕಿವಿಗೆ ಬಿದ್ದರೆ ಅದೇ ಗುಂಪಿನ ಉಳಿದವರು ಸುಮ್ಮನಾಗುತ್ತಾರೆ. ಮೂರನೇ ಆವೃತ್ತಿಯಲ್ಲಿ ಎಲ್ಲರೂ ಹೇಳಲೇಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಸ್ವಿಚ್‌ಗೆ ಬರೀ "ಯಾರೋ ಒಬ್ಬರಿದ್ದಾರೆ" ಎಂಬುದು ಸಾಲದು, ಯಾವ ಪೋರ್ಟ್‌ನಲ್ಲಿದ್ದಾರೆ ಎಂಬುದೂ ಬೇಕು. ಒಂದು ಪೋರ್ಟ್‌ನ ರಿಪೋರ್ಟ್ ಇನ್ನೊಂದು ಪೋರ್ಟ್‌ನವರಿಗೆ ಕೇಳಿಸಿದರೆ ಅವರು ಸುಮ್ಮನಾಗಿ, ಅವರ ಪೋರ್ಟ್ ಪಟ್ಟಿಯಿಂದ ಬಿದ್ದುಹೋಗುತ್ತದೆ. ಅದಕ್ಕೇ ಸರಿಯಾದ ಸ್ವಿಚ್ ರಿಪೋರ್ಟ್‌ಗಳನ್ನು ರೂಟರ್ ಇರುವ ಪೋರ್ಟ್‌ಗೆ ಮಾತ್ರ ಕಳಿಸುತ್ತದೆ, ಬೇರೆ ಸದಸ್ಯರ ಕಡೆಗೆ ಬಿಡುವುದಿಲ್ಲ. ಹೀಗೆ ಮಾತುಕತೆಯನ್ನು ಕದ್ದು ಕೇಳಿ ಪೋರ್ಟ್‌ವಾರು ಲೆಕ್ಕ ಇಡುವುದಕ್ಕೇ ಸ್ನೂಪಿಂಗ್ ಎನ್ನುವುದು.

ಲೀವ್ ಎಂದರೆ "ನಾನು ಇಳಿದೆ" ಎಂಬ ಮಾತು. ಅದು 224.0.0.2 ಕ್ಕೆ ಹೋಗುತ್ತದೆ. ಮೂರನೇ ಆವೃತ್ತಿಯ ರಿಪೋರ್ಟ್‌ಗಳೆಲ್ಲ 224.0.0.22 ಕ್ಕೆ. ಎಲ್ಲರಿಗೂ ಕೂಗುವ ಸಾಮಾನ್ಯ ಕ್ವೆರಿ 224.0.0.1 ಕ್ಕೆ. ಮೂರರ ಟಿಟಿಎಲ್ (ಪ್ರತಿ ರೂಟರ್ ದಾಟಿದಾಗ ಒಂದು ಕಡಿಮೆಯಾಗುವ ಸಂಖ್ಯೆ) ಕೂಡ 1, ಅಂದರೆ ಒಂದು ವಿಲ್ಯಾನ್ (ಸ್ವಿಚ್‌ನೊಳಗೇ ಬೇರೆ ಮಾಡಿದ ಪ್ರತ್ಯೇಕ ನೆಟ್‌ವರ್ಕ್) ದಾಟಿ ಇನ್ನೊಂದಕ್ಕೆ ಇವು ಹೋಗುವುದೇ ಇಲ್ಲ.

ಸ್ನೂಪಿಂಗ್ ಆಫ್ ಇದ್ದರೆ ಏನಾಗುತ್ತದೆ?

ಎಲ್ಲ ಚಾನೆಲ್ಲೂ ಎಲ್ಲ ಪೋರ್ಟ್‌ಗೂ ಸುರಿಯುತ್ತದೆ. ಒಂದು ಎಚ್‌ಡಿ ಚಾನೆಲ್ 8 ಎಂಬಿಪಿಎಸ್ ಎಂದುಕೊಳ್ಳಿ. 120 ಚಾನೆಲ್ ಅಂದರೆ 960 ಎಂಬಿಪಿಎಸ್, ಗಿಗಾಬಿಟ್ ಪೋರ್ಟ್ ಭರ್ತಿ. 100 ಎಂಬಿಪಿಎಸ್ ಪೋರ್ಟ್ ಇರುವ ಸೆಟ್‌ಟಾಪ್ ಆದರೆ 12 ಚಾನೆಲ್‌ಗೇ ಉಸಿರುಕಟ್ಟುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಅದೇ ಸ್ವಿಚ್‌ನಲ್ಲಿರುವ ಬಿಲ್ಲಿಂಗ್ ಕಂಪ್ಯೂಟರ್ ಕೂಡ ನಿಧಾನವಾಗುತ್ತದೆ. "ಇಂಟರ್ನೆಟ್ ಸ್ಲೋ" ಎಂದು ಬರುವ ಎಷ್ಟೋ ದೂರುಗಳ ಮೂಲ ಇದೇ.

ಚಾನೆಲ್ ಹಾಕಿದ ನಾಲ್ಕು ನಿಮಿಷಕ್ಕೆ ಸರಿಯಾಗಿ ಚಿತ್ರ ನಿಲ್ಲುತ್ತದೆ. ಬದಲಾಯಿಸಿ ಮತ್ತೆ ಹಾಕಿದರೆ ಬರುತ್ತದೆ. ಸೆಟ್‌ಟಾಪ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಆ ವಿಲ್ಯಾನ್‌ನಲ್ಲಿ ಕ್ವೆರಿ ಕಳಿಸುವವರು ಯಾರೂ ಇಲ್ಲ. ನಮಗೆ ಬರುವ ಪ್ರಶ್ನೆಗಳಲ್ಲಿ ಇದಕ್ಕಿಂತ ಹೆಚ್ಚು ಸಲ ಬರುವುದು ಇನ್ನೊಂದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಚಾನೆಲ್ ಹಾಕಿದ ಕೂಡಲೇ ಸೆಟ್‌ಟಾಪ್ ಯಾರೂ ಕೇಳದಿದ್ದರೂ ತಾನಾಗಿ ಒಂದು ರಿಪೋರ್ಟ್ ಕಳಿಸುತ್ತದೆ. ಸ್ವಿಚ್ ಆ ಪೋರ್ಟನ್ನು ಪಟ್ಟಿಗೆ ಸೇರಿಸಿ ಗಡಿಯಾರ ಶುರು ಮಾಡುತ್ತದೆ. ಮುಂದೆ ಆ ಗಡಿಯಾರ ಹೊಸದಾಗಬೇಕಾದರೆ ಕ್ವೆರಿ ಬರಬೇಕು, ಸೆಟ್‌ಟಾಪ್ ಉತ್ತರಿಸಬೇಕು. ಕಂಡಕ್ಟರ್ ಕೇಳದಿದ್ದರೆ ಪ್ರಯಾಣಿಕ ಹೇಳುವುದಿಲ್ಲ. ಗಡಿಯಾರ ಮುಗಿದ ಕ್ಷಣ ಸ್ವಿಚ್ ಆ ಪೋರ್ಟ್‌ಗೆ ಸ್ಟ್ರೀಮ್ ನಿಲ್ಲಿಸುತ್ತದೆ.

ಲೆಕ್ಕ ಹೀಗೆ. ಕ್ವೆರಿಗಳ ನಡುವಿನ ಅಂತರ 125 ಸೆಕೆಂಡು, ಉತ್ತರಕ್ಕೆ ಕೊಡುವ ಕಾಲ 10 ಸೆಕೆಂಡು, ರೋಬಸ್ಟ್‌ನೆಸ್ ಎಂಬ ಸಂಖ್ಯೆ 2. ಎರಡನ್ನು 125 ರಿಂದ ಗುಣಿಸಿ 10 ಕೂಡಿಸಿದರೆ 260 ಸೆಕೆಂಡು, ಅಂದರೆ 4 ನಿಮಿಷ 20 ಸೆಕೆಂಡು. ಕೆಲವು ಕಂಪನಿಗಳ ಸ್ವಿಚ್‌ನಲ್ಲಿ ಅಂತರ 60 ಸೆಕೆಂಡು ಇರುತ್ತದೆ. ಅಲ್ಲಿ ಇದೇ ಲೆಕ್ಕದಲ್ಲಿ 130 ಸೆಕೆಂಡಿಗೆ ನಿಲ್ಲುತ್ತದೆ. ಗ್ರಾಹಕರು ದೂರು ಹೇಳುವಾಗ ಮೊಬೈಲ್‌ನ ಸ್ಟಾಪ್‌ವಾಚ್ ಇಟ್ಟು ಅಳೆಯಲು ಹೇಳಿ. 2 ನಿಮಿಷ 10 ಸೆಕೆಂಡು ಅಥವಾ 4 ನಿಮಿಷ 20 ಸೆಕೆಂಡಿನ ಆಸುಪಾಸು ಬಂದರೆ ಸ್ಥಳಕ್ಕೆ ಹೋಗುವ ಮೊದಲೇ ಕಾರಣ ಗೊತ್ತಾಯಿತು. ಯಾವ್ಯಾವಾಗಲೋ ನಿಂತರೆ ಮಾತ್ರ ಫೈಬರ್, ಕನೆಕ್ಟರ್, ಅಡಾಪ್ಟರ್ ನೋಡಿ.

ಇದರ ತದ್ವಿರುದ್ಧವೂ ಆಗುವುದುಂಟು. ಕ್ವೆರಿ ಅಂತರವನ್ನು "ಟ್ರಾಫಿಕ್ ಕಡಿಮೆಯಾಗಲಿ" ಎಂದು 300 ಸೆಕೆಂಡಿಗೆ ಏರಿಸಿ, ಕೆಳಗಿನ ಸ್ವಿಚ್‌ನಲ್ಲಿ 260 ಸೆಕೆಂಡನ್ನು ಹಾಗೇ ಬಿಟ್ಟರೆ, ಪ್ರತಿ 5 ನಿಮಿಷಕ್ಕೊಮ್ಮೆ ಸುಮಾರು 40 ಸೆಕೆಂಡು ಚಿತ್ರ ಹೋಗಿ ತಾನೇ ಬರುತ್ತದೆ. ಕ್ವೆರಿಯಿಂದ ಆಗುವ ಟ್ರಾಫಿಕ್ ನಗಣ್ಯ. ಅಂತರ ಏರಿಸಲು ಯಾವ ಕಾರಣವೂ ಇಲ್ಲ.

ಕ್ವೆರಿಯರ್ ಯಾವ ಸ್ವಿಚ್‌ನಲ್ಲಿರಬೇಕು? ಎರಡು ಕಡೆ ಆನ್ ಮಾಡಬಹುದೇ?

ಪ್ರತಿ ವಿಲ್ಯಾನ್‌ಗೂ ಒಬ್ಬ ಕ್ವೆರಿಯರ್, ಅಂದರೆ ಕ್ವೆರಿ ಕಳಿಸುವ ಸಾಧನ ಬೇಕು. ಲೇಯರ್ 3 ಸ್ವಿಚ್‌ನಲ್ಲಿ ಆ ವಿಲ್ಯಾನ್‌ನ ಇಂಟರ್ಫೇಸ್ ಮೇಲೆ ಪಿಮ್ (ಮಲ್ಟಿಕಾಸ್ಟನ್ನು ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೆ ದಾಟಿಸುವ ರೂಟಿಂಗ್ ವಿಧಾನ) ಆನ್ ಇದ್ದರೆ ಅದೇ ಕ್ವೆರಿಯರ್ ಆಗುತ್ತದೆ. ಮಲ್ಟಿಕಾಸ್ಟ್ ರೂಟಿಂಗ್ ಬೇಡ, ಎಲ್ಲ ಒಂದೇ ವಿಲ್ಯಾನ್‌ನಲ್ಲಿದೆ ಎಂದಾದರೆ "ಐಪಿ ಐಜಿಎಂಪಿ ಸ್ನೂಪಿಂಗ್ ಕ್ವೆರಿಯರ್" ಆನ್ ಮಾಡಿ, ಅದಕ್ಕೆ ಆ ವಿಲ್ಯಾನ್‌ನದೇ ಒಂದು ಐಪಿ ವಿಳಾಸ ಕೊಡಿ. ವಿಳಾಸ ಕೊಡದೆ ಬಿಟ್ಟರೆ ಕೆಲವು ಸ್ವಿಚ್‌ಗಳು 0.0.0.0 ಮೂಲ ವಿಳಾಸದಿಂದ ಕ್ವೆರಿ ಕಳಿಸುತ್ತವೆ, ಕೆಲವು ಸಾಧನಗಳು ಅಂಥ ಕ್ವೆರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲ ಸರಿ ಇದ್ದಂತೆ ಕಂಡರೂ ಒಂದು ಮಾದರಿಯ ಸೆಟ್‌ಟಾಪ್ ಮಾತ್ರ ನಿಂತು ಹೋಗುವುದಕ್ಕೆ ಇದು ಕಾರಣವಾಗಬಹುದು.

ಎರಡು ಕಡೆ ಆನ್ ಮಾಡಬಹುದು, ಮಾಡಲೇಬೇಕು ಎಂದೇ ನಮ್ಮ ಸಲಹೆ. ಎರಡು ರೂಟರ್ ಇದ್ದಾಗ ಕಡಿಮೆ ಐಪಿ ವಿಳಾಸದ್ದು ಗೆಲ್ಲುತ್ತದೆ, ಇನ್ನೊಂದು ಸುಮ್ಮನೆ ಕಾಯುತ್ತದೆ. ಕಡಿಮೆ ವಿಳಾಸವನ್ನು ಯಾರಿಗೆ ಕೊಡುತ್ತೀರಿ ಎಂಬುದನ್ನು ಯೋಚಿಸಿ ಮಾಡಿ. 10.50.0.1 ಅನ್ನು ಒಳ್ಳೆಯ ಬ್ಯಾಟರಿ ಇರುವ ಮುಖ್ಯ ಸ್ವಿಚ್‌ಗೆ, 10.50.0.2 ಅನ್ನು ಎರಡನೆಯದಕ್ಕೆ. ಮಲೆನಾಡಿನಲ್ಲಿ ಆಗುವ ಎಡವಟ್ಟು ಹೀಗಿರುತ್ತದೆ: ಊರಾಚೆ ಯಾವುದೋ ಗೋಡೆ ಪೆಟ್ಟಿಗೆಯಲ್ಲಿರುವ ಸಣ್ಣ ಸ್ವಿಚ್‌ನಲ್ಲಿ ಕ್ವೆರಿಯರ್ ಆನ್ ಇರುತ್ತದೆ, ಅದರ ವಿಳಾಸವೇ ಕಡಿಮೆ ಇರುತ್ತದೆ. ಅಲ್ಲಿ ಕರೆಂಟು ಹೋಯಿತೆಂದರೆ ಸಕಲೇಶಪುರದ ಪೇಟೆಯಲ್ಲಿ, ಕರೆಂಟು ಇರುವ ಮನೆಗಳಲ್ಲೂ ಟಿವಿ ತಡವರಿಸುತ್ತದೆ.

ಏಕೆ ತಡವರಿಸುತ್ತದೆ? ಮೊದಲ ಕ್ವೆರಿಯರ್ ಸತ್ತದ್ದು ಎರಡನೆಯದಕ್ಕೆ ಖಾತ್ರಿಯಾಗಲು 255 ಸೆಕೆಂಡು ಬೇಕು: 125 ರ ಎರಡು ಪಟ್ಟು, ಜೊತೆಗೆ 5. ಸದಸ್ಯತ್ವದ ಗಡಿಯಾರ ಮುಗಿಯುವುದು 260 ಕ್ಕೆ. ಹೊಸ ಕ್ವೆರಿಗೆ ಸೆಟ್‌ಟಾಪ್ ಉತ್ತರಿಸಲು 10 ಸೆಕೆಂಡಿನವರೆಗೆ ತೆಗೆದುಕೊಳ್ಳಬಹುದು. ನಡುವೆ ಉಳಿಯುವುದು ಕೂದಲೆಳೆಯಷ್ಟು ಅಂತರ, ಕೆಲವು ಪೋರ್ಟ್‌ಗಳು ಅಷ್ಟರಲ್ಲಿ ಬಿದ್ದುಹೋಗುತ್ತವೆ, ಕೆಲವು ಉಳಿಯುತ್ತವೆ. ಅಂತರವನ್ನು 60 ಕ್ಕೆ ಇಳಿಸಿದರೆ ಪದವಿ ಬದಲಾವಣೆ 125 ಸೆಕೆಂಡಿಗೆ ಆಗುತ್ತದೆ. ಇಳಿಸಿದಾಗ ಎಲ್ಲ ಸ್ವಿಚ್‌ಗಳಲ್ಲೂ ಇಳಿಸಿ, ಆದರೆ ಕೆಳಗಿನ ಸ್ವಿಚ್‌ಗಳಲ್ಲಿ ಪೋರ್ಟ್‌ನ ಅವಧಿಯನ್ನು 260 ಕ್ಕೇ ಬಿಡುವ ಸೌಲಭ್ಯವಿದ್ದರೆ ಬಿಡಿ. ಆಗ ನಡುವೆ ಧಾರಾಳ ಅವಕಾಶ ಸಿಗುತ್ತದೆ.

ಹೊಸ ಲೇಯರ್ 3 ಸ್ವಿಚ್‌ನಲ್ಲಿ ಯಾವ ಕ್ರಮದಲ್ಲಿ ಸೆಟ್ಟಿಂಗ್ ಮಾಡಬೇಕು?

ಟಿವಿಗೆ ಪ್ರತ್ಯೇಕ ವಿಲ್ಯಾನ್ ಮಾಡಿ, ಉದಾಹರಣೆಗೆ 50. ಅದರ ಇಂಟರ್ಫೇಸ್‌ಗೆ 10.50.0.1 ಕೊಡಿ. ಎನ್‌ಕೋಡರ್‌ಗಳು ಬೇರೆ ವಿಲ್ಯಾನ್‌ನಲ್ಲಿದ್ದರೆ "ಐಪಿ ಮಲ್ಟಿಕಾಸ್ಟ್ ರೂಟಿಂಗ್" ಆನ್ ಮಾಡಿ, ಎರಡೂ ಇಂಟರ್ಫೇಸ್ ಮೇಲೆ "ಐಪಿ ಪಿಮ್ ಸ್ಪಾರ್ಸ್ ಮೋಡ್" ಹಾಕಿ. ಐಜಿಎಂಪಿ ಆವೃತ್ತಿ 2 ಎಂದು ಸ್ಪಷ್ಟವಾಗಿ ಬರೆಯಿರಿ, ಡಿಫಾಲ್ಟ್ ನಂಬಬೇಡಿ. ನಂತರ ಸ್ನೂಪಿಂಗ್ ಇಡೀ ಸ್ವಿಚ್‌ಗೂ ಆ ವಿಲ್ಯಾನ್‌ಗೂ ಆನ್ ಇದೆಯೇ ನೋಡಿ, ಎರಡೂ ಬೇಕು. ಸೆಟ್‌ಟಾಪ್ ಕೂರುವ ಪೋರ್ಟ್‌ಗಳನ್ನೆಲ್ಲ ಎಡ್ಜ್ ಪೋರ್ಟ್ (ಆಚೆ ಬೇರೆ ಸ್ವಿಚ್ ಇಲ್ಲ ಎಂದು ಗುರುತಿಸಿದ ಪೋರ್ಟ್) ಮಾಡಿ, ಏಕೆಂಬುದು ಮಳೆಯ ಪ್ರಶ್ನೆಯಲ್ಲಿ ಬರುತ್ತದೆ.

ಯಾರೂ ಕೇಳದ ಗುಂಪಿನ ಟ್ರಾಫಿಕ್ ಎಲ್ಲ ಪೋರ್ಟ್‌ಗೂ ಹೋಗದಂತೆ ತಡೆಯುವ ಸೆಟ್ಟಿಂಗ್ ಇದೆಯಲ್ಲ, "ಅನ್‌ನೋನ್ ಮಲ್ಟಿಕಾಸ್ಟ್ ಡ್ರಾಪ್", ಅದನ್ನು ಕಟ್ಟಕಡೆಗೆ ಹಾಕಿ. ಕ್ವೆರಿಯರ್ ಕೆಲಸ ಮಾಡುತ್ತಿದೆ, ಪಟ್ಟಿ 10 ನಿಮಿಷ ಅಳಿಯದೆ ಉಳಿದಿದೆ ಎಂದು ಕಣ್ಣಾರೆ ಕಂಡ ಮೇಲೆ. ಮೊದಲೇ ಹಾಕಿ, ಕ್ವೆರಿಯರ್ ಎಲ್ಲೋ ತಪ್ಪಿದ್ದರೆ ಊರಿಗೆ ಊರೇ ಟಿವಿ ನಿಲ್ಲುತ್ತದೆ. ಅದುವರೆಗೆ ಚೆನ್ನಾಗಿ ಬರುತ್ತಿದ್ದದ್ದು ಸ್ವಿಚ್ ಎಲ್ಲವನ್ನೂ ಎಲ್ಲರಿಗೂ ಸುರಿಯುತ್ತಿದ್ದರಿಂದ ಎಂಬುದು ಆಗಲೇ ಗೊತ್ತಾಗುವುದು.

ಗುಂಪಿನ ಪಟ್ಟಿಯನ್ನು ಓದುವುದು ಹೇಗೆ?

"ಶೋ ಐಪಿ ಐಜಿಎಂಪಿ ಸ್ನೂಪಿಂಗ್ ಗ್ರೂಪ್ಸ್" ಕೊಟ್ಟರೆ ಇಂಥ ಸಾಲು ಬರುತ್ತದೆ: ವಿಲ್ಯಾನ್ 50, ಗುಂಪು 239.10.1.7, ಆವೃತ್ತಿ 2, ಪೋರ್ಟ್‌ಗಳು 3, 11, 24. ಇಲ್ಲಿ 3 ಮತ್ತು 11 ನೋಡುತ್ತಿರುವ ಮನೆಗಳು. 24 ಯಾರೂ ನೋಡುತ್ತಿರುವ ಪೋರ್ಟ್ ಅಲ್ಲ, ಅದು ಮುಖ್ಯ ಸ್ವಿಚ್ ಕಡೆಗಿನ ಅಪ್‌ಲಿಂಕ್. ಕ್ವೆರಿ ಅಥವಾ ಪಿಮ್ ಹಲೋ ಯಾವ ಪೋರ್ಟ್‌ನಿಂದ ಬಂತೋ ಅದನ್ನು ಸ್ವಿಚ್ ಎಂರೂಟರ್ ಪೋರ್ಟ್ ಎಂದು ಗುರುತಿಸಿಕೊಳ್ಳುತ್ತದೆ. "ಶೋ ಐಪಿ ಐಜಿಎಂಪಿ ಸ್ನೂಪಿಂಗ್ ಎಂರೂಟರ್" ಕೊಟ್ಟಾಗ ಅಪ್‌ಲಿಂಕ್ ಅಲ್ಲಿ ಕಾಣದಿದ್ದರೆ ಮೇಲಿನಿಂದ ಕ್ವೆರಿ ಇಳಿಯುತ್ತಿಲ್ಲ ಎಂದೇ ಅರ್ಥ. ಬಹಳಷ್ಟು ಸಲ ಟ್ರಂಕ್ ಪೋರ್ಟ್‌ನಲ್ಲಿ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಪೋರ್ಟ್) ವಿಲ್ಯಾನ್ 50 ಸೇರಿಸುವುದು ಮರೆತಿರುತ್ತಾರೆ.

ಉಳಿದ ಸಮಯದ ಅಂಕಣ ಇದ್ದರೆ ಅದನ್ನು ಐದು ನಿಮಿಷ ಕೂತು ನೋಡಿ. 4:20 ರಿಂದ ಇಳಿಯುತ್ತಾ ಬಂದು, 2:15 ರ ಆಸುಪಾಸಿನಲ್ಲಿ ಮತ್ತೆ 4:20 ಕ್ಕೆ ಹಾರಬೇಕು. ಉತ್ತರ ಕೊಡುವ ಕ್ಷಣ 0 ರಿಂದ 10 ಸೆಕೆಂಡಿನೊಳಗೆ ಎಲ್ಲಿ ಬೇಕಾದರೂ ಬೀಳುವುದರಿಂದ 2:05 ರವರೆಗೆ ಇಳಿದರೂ ಸರಿ. ಅದಕ್ಕಿಂತ ಕೆಳಗೆ ಹೋಯಿತೆಂದರೆ ಒಂದು ಸುತ್ತಿನ ಕ್ವೆರಿಯೋ ಉತ್ತರವೋ ದಾರಿಯಲ್ಲಿ ಕಳೆದುಹೋಗಿದೆ. ಚಿತ್ರ ಇನ್ನೂ ಚೆನ್ನಾಗಿಯೇ ಇರುತ್ತದೆ, ಗ್ರಾಹಕರಿಗೆ ಏನೂ ತಿಳಿಯುವುದಿಲ್ಲ. ಆ ಲೈನನ್ನು ದೂರು ಬರುವ ಮೊದಲೇ ಸರಿಮಾಡಬಹುದು. ಈ ಒಂದು ಅಂಕಣ ಓದುವ ಅಭ್ಯಾಸ ಮಾಡಿಕೊಂಡವರಿಗೆ ಮಳೆಗಾಲ ಅರ್ಧ ಹಗುರ.

ಪಟ್ಟಿಯಲ್ಲಿ ನಾವು ಕೊಡದ 239.255.255.250 ಎಲ್ಲ ಪೋರ್ಟ್‌ನಲ್ಲೂ ಇದೆ. ಯಾರಾದರೂ ಒಳನುಗ್ಗಿದ್ದಾರೆಯೇ?

ಇಲ್ಲ. ಸ್ಮಾರ್ಟ್ ಟಿವಿ, ವಿಂಡೋಸ್ ಕಂಪ್ಯೂಟರ್, ವೈಫೈ ರೂಟರ್ ಇವು ಒಂದನ್ನೊಂದು ಹುಡುಕಿಕೊಳ್ಳುವ ಗುಂಪು ಅದು. ನಿಮ್ಮ ಚಾನೆಲ್‌ಗೆ ಆ ವಿಳಾಸ ಕೊಡಬೇಡಿ, ಅಷ್ಟೇ.

ಚಾನೆಲ್‌ಗಳಿಗೆ ಯಾವ ವಿಳಾಸ ಕೊಡಬೇಕು? ಯಾವುದಾದರೂ ನಡೆಯುತ್ತದೆಯೇ?

239 ರಿಂದ ಶುರುವಾಗುವವು ಖಾಸಗಿ ಬಳಕೆಗೆ ಮೀಸಲು, ಅದರೊಳಗೇ ಇರಿ. ಆದರೆ ಅದರೊಳಗೂ ಗುಂಡಿಗಳಿವೆ.

ಐಪಿ ಗುಂಪಿನ ವಿಳಾಸವನ್ನು ಈಥರ್ನೆಟ್ ಮ್ಯಾಕ್ ವಿಳಾಸಕ್ಕೆ (ಪ್ಯಾಕೆಟ್ ಸಾಗಿಸಲು ಸ್ವಿಚ್ ನೋಡುವ ವಿಳಾಸ) ಇಳಿಸುವಾಗ ಕೊನೆಯ 23 ಬಿಟ್ ಮಾತ್ರ ಉಳಿಯುತ್ತದೆ, ಮುಂದೆ 01-00-5ಇ ಸೇರುತ್ತದೆ. ಉಳಿದ 5 ಬಿಟ್ ಬಿದ್ದುಹೋಗುವುದರಿಂದ 32 ಬೇರೆ ಬೇರೆ ಗುಂಪುಗಳಿಗೆ ಒಂದೇ ಮ್ಯಾಕ್ ವಿಳಾಸ. 239.10.1.1 ಮತ್ತು 239.138.1.1 ಸ್ವಿಚ್‌ನ ಕಣ್ಣಿಗೆ ಒಂದೇ, ಎರಡನೇ ಸಂಖ್ಯೆಯಲ್ಲಿ 128 ವ್ಯತ್ಯಾಸವಿದೆ ನೋಡಿ. ಮ್ಯಾಕ್ ಆಧಾರದ ಮೇಲೆ ಲೆಕ್ಕ ಇಡುವ ಅಗ್ಗದ ಸ್ವಿಚ್‌ನಲ್ಲಿ ಒಂದು ಚಾನೆಲ್ ಕೇಳಿದವರಿಗೆ ಎರಡೂ ಹೋಗುತ್ತವೆ.

ಇನ್ನೂ ದೊಡ್ಡ ಗುಂಡಿ 239.0.0 ಮತ್ತು 239.128.0 ರಿಂದ ಶುರುವಾಗುವವು. 239.0.0.5 ರ ಮ್ಯಾಕ್ ವಿಳಾಸವೂ 224.0.0.5 ರ ಮ್ಯಾಕ್ ವಿಳಾಸವೂ ಒಂದೇ. ಎರಡನೆಯದು ಒಎಸ್‌ಪಿಎಫ್ ರೂಟಿಂಗ್‌ನದು, 224.0.0 ಸಾಲಿನ ಪ್ಯಾಕೆಟ್‌ಗಳನ್ನು ಸ್ವಿಚ್ ಯಾವತ್ತೂ ಎಲ್ಲ ಪೋರ್ಟ್‌ಗೂ ಕಳಿಸಲೇಬೇಕು. ಹಾಗಾಗಿ ನಿಮ್ಮ ಚಾನೆಲ್ ಕೂಡ ಎಲ್ಲ ಪೋರ್ಟ್‌ಗೂ ಸುರಿಯುತ್ತದೆ, ಸ್ನೂಪಿಂಗ್ ಆನ್ ಇದ್ದರೂ. ಮೊದಲ ಚಾನೆಲ್‌ಗೆ 239.0.0.1 ಎಂದು ಶುರು ಮಾಡುವುದು ಎಲ್ಲರಿಗೂ ಬರುವ ಮೊದಲ ಯೋಚನೆ, ಅದೇ ತಪ್ಪು. 239.10.1.1 ರಿಂದ ಶುರು ಮಾಡಿ, ಎರಡನೇ ಸಂಖ್ಯೆಯನ್ನು ಇಡೀ ನೆಟ್‌ವರ್ಕ್‌ಗೆ ಒಂದೇ ಇಟ್ಟುಕೊಳ್ಳಿ: ಎಚ್‌ಡಿಗೆ 239.10.1, ಎಸ್‌ಡಿಗೆ 239.10.2, ಕ್ಯಾಮೆರಾಗಳಿಗೆ 239.10.9.

ಚಾನೆಲ್ ಬದಲಾಯಿಸಿದಾಗ ಎರಡು ಮೂರು ಸೆಕೆಂಡು ಚಿತ್ರ ಒಡೆಯುತ್ತದೆ. ಫಾಸ್ಟ್ ಲೀವ್ ಹಾಕಿದರೆ ಸರಿಹೋಗುತ್ತದೆಯೇ?

ಹೆಚ್ಚಿನ ಕಡೆ ಹೋಗುತ್ತದೆ, ಆದರೆ ಒಂದು ಷರತ್ತಿನ ಮೇಲೆ. ಲೀವ್ ಬಂದ ಕೂಡಲೇ ಸ್ಟ್ರೀಮ್ ನಿಲ್ಲುವುದಿಲ್ಲ. ಕ್ವೆರಿಯರ್ "ಈ ಗುಂಪಿನವರು ಇನ್ನಾರಾದರೂ ಇದ್ದೀರಾ?" ಎಂದು 1 ಸೆಕೆಂಡು ಅಂತರದಲ್ಲಿ 2 ಸಲ ಕೇಳುತ್ತದೆ. ಆ 2 ಸೆಕೆಂಡು ಹಳೆಯ ಚಾನೆಲ್ಲೂ ಹೊಸ ಚಾನೆಲ್ಲೂ ಒಟ್ಟಿಗೆ ಇಳಿಯುತ್ತಿರುತ್ತವೆ. ರಿಮೋಟ್ ಒತ್ತಿ ಒತ್ತಿ ನಾಲ್ಕು ಚಾನೆಲ್ ದಾಟಿದರೆ 8 ಎಂಬಿಪಿಎಸ್‌ನ ನಾಲ್ಕು, ಒಟ್ಟು 32 ಎಂಬಿಪಿಎಸ್. ಗ್ರಾಹಕರ ಲೈನ್ 20 ಎಂಬಿಪಿಎಸ್‌ಗೆ ಕಟ್ಟಿದ್ದರೆ ಒಡೆಯದೆ ಇನ್ನೇನಾದೀತು?

ಫಾಸ್ಟ್ ಲೀವ್ ಹಾಕಿದರೆ ಲೀವ್ ಬಂದ ಕ್ಷಣವೇ ಪೋರ್ಟ್ ಪಟ್ಟಿಯಿಂದ ಹೊರಗೆ. ಷರತ್ತು ಏನೆಂದರೆ ಆ ಪೋರ್ಟ್‌ನ ಹಿಂದೆ ಒಂದೇ ಸೆಟ್‌ಟಾಪ್ ಇರಬೇಕು. ಹೋಂಸ್ಟೇಯಲ್ಲಿ ಒಂದೇ ಕೇಬಲ್‌ಗೆ ಐದು ಪೋರ್ಟ್‌ನ ಸಣ್ಣ ಸ್ವಿಚ್ ಸಿಕ್ಕಿಸಿ ಎರಡು ಕೋಣೆಗೆ ಟಿವಿ ಕೊಟ್ಟಿರುತ್ತಾರೆ. ಎರಡೂ ಕೋಣೆಯಲ್ಲಿ ಒಂದೇ ಪಂದ್ಯ ನೋಡುತ್ತಿದ್ದು, ಒಬ್ಬರು ಚಾನೆಲ್ ಬದಲಾಯಿಸಿದರೆ ಇನ್ನೊಂದು ಕೋಣೆಯ ಪರದೆ ಕಪ್ಪಾಗುತ್ತದೆ. ಮುಂದಿನ ಕ್ವೆರಿಗೆ ಉತ್ತರಿಸುವ ತನಕ, ಅಂದರೆ 135 ಸೆಕೆಂಡಿನವರೆಗೂ ಹಾಗೇ. ಅಂಥ ಪೋರ್ಟ್‌ಗಳಲ್ಲಿ ಫಾಸ್ಟ್ ಲೀವ್ ಬೇಡ. ಬದಲಿಗೆ ಆ 1 ಸೆಕೆಂಡಿನ ಅಂತರವನ್ನು ಅರ್ಧ ಸೆಕೆಂಡಿಗೆ ಇಳಿಸಿ.

ಇಷ್ಟೆಲ್ಲ ಮಾಡಿದರೂ ಹೊಸ ಚಿತ್ರ ಬರಲು ಒಂದು ಸೆಕೆಂಡು ತಡವಾದರೆ ಅದು ಸ್ವಿಚ್‌ನ ಕೈಯಲ್ಲಿಲ್ಲ. ಎನ್‌ಕೋಡರ್ ಪೂರ್ಣ ಚೌಕಟ್ಟನ್ನು 2 ಸೆಕೆಂಡಿಗೊಮ್ಮೆ ಕಳಿಸುತ್ತಿದ್ದರೆ ಸರಾಸರಿ 1 ಸೆಕೆಂಡು ಕಾಯಲೇಬೇಕು.

ಎರಡನೇ ಆವೃತ್ತಿಯೋ ಮೂರನೆಯದೋ?

ಸೆಟ್‌ಟಾಪ್‌ಗಳೆಲ್ಲ ಒಂದೇ ಬಗೆಯವಲ್ಲದಿದ್ದರೆ ಎರಡನೆಯದು. ಮೂರನೆಯದರ ಲಾಭ "ಈ ಗುಂಪು, ಈ ಮೂಲದಿಂದ ಮಾತ್ರ" ಎಂದು ಕೇಳಬಹುದಾದದ್ದು. 232 ರಿಂದ ಶುರುವಾಗುವ ಗುಂಪುಗಳನ್ನು ಬಳಸುವವರಿಗೆ ಅದು ಬೇಕೇ ಬೇಕು.

ಬೆರಕೆ ಮಾತ್ರ ಮಾಡಬೇಡಿ. ಮೂರನೇ ಆವೃತ್ತಿ ಬಲ್ಲ ಯಂತ್ರ ಎರಡನೇ ಆವೃತ್ತಿಯ ಒಂದು ಕ್ವೆರಿ ಕೇಳಿದರೂ ಎರಡನೆಯದಕ್ಕೆ ಇಳಿಯುತ್ತದೆ, ಇಳಿದದ್ದು 260 ಸೆಕೆಂಡು ಹಾಗೇ ಇರುತ್ತದೆ. ಆಗ ಮೂಲದ ಆಯ್ಕೆ ಕಳೆದುಹೋಗಿ 232 ರ ಚಾನೆಲ್‌ಗಳು ಮಾತ್ರ ನಿಲ್ಲುತ್ತವೆ, 239 ರವು ಚೆನ್ನಾಗಿರುತ್ತವೆ. ಈ ಲಕ್ಷಣ ಕಂಡರೆ ಯಾರೋ ಎಲ್ಲೋ ಹಳೆಯ ಸ್ವಿಚ್‌ನಲ್ಲಿ ಕ್ವೆರಿಯರ್ ಆನ್ ಮಾಡಿದ್ದಾರೆ. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಸಾಫ್ಟ್‌ವೇರ್‌ನಲ್ಲಿ ಕ್ವೆರಿಯ ಉದ್ದ ನೋಡಿ: ಎರಡನೇ ಆವೃತ್ತಿಯದು 8 ಬೈಟ್, ಮೂರನೆಯದು ಕನಿಷ್ಠ 12. ಮೂಲ ವಿಳಾಸವೇ ಆ ಸ್ವಿಚ್‌ನ ಗುರುತು ಹೇಳುತ್ತದೆ.

ಆರಿದ್ರಾ ಮಳೆ ಹಿಡಿದ ಮೇಲೆ ಇಡೀ ನೆಟ್‌ವರ್ಕ್ ಆಗಾಗ ಒಂದೆರಡು ನಿಮಿಷ ಒದ್ದಾಡುತ್ತದೆ. ಫೈಬರ್ ಕಡಿದದ್ದು ಒಂದೇ ಕಡೆ, ತೊಂದರೆ ಎಲ್ಲ ಕಡೆ. ಏಕೆ?

ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರ ಕಡೆ ಫೈಬರ್ ಕಾಫಿ ತೋಟಗಳ ನಡುವೆ ಸಿಲ್ವರ್ ಮರದಿಂದ ಸಿಲ್ವರ್ ಮರಕ್ಕೆ ಕಟ್ಟಿಕೊಂಡು ಹೋಗಿರುತ್ತದೆ. ಗಾಳಿ ಮಳೆಗೆ ಕೊಂಬೆ ಬಿದ್ದರೆ ಕಡಿಯುತ್ತದೆ. ಅದಕ್ಕೇ ಜಾಣರು ಎರಡು ದಾರಿ ಮಾಡಿ ರಿಂಗ್ ಕಟ್ಟಿರುತ್ತಾರೆ. ಒಂದು ಕಡೆ ಕಡಿದಾಗ ಸ್ಪ್ಯಾನಿಂಗ್ ಟ್ರೀ (ರಿಂಗ್‌ನಲ್ಲಿ ಪ್ಯಾಕೆಟ್ ಸುತ್ತದಂತೆ ಒಂದು ದಾರಿ ಮಾತ್ರ ತೆರೆದಿಡುವ ವ್ಯವಸ್ಥೆ) ದಾರಿ ಬದಲಿಸುತ್ತದೆ, ಬದಲಿಸಿದ ಸುದ್ದಿಯನ್ನು ಎಲ್ಲ ಸ್ವಿಚ್‌ಗಳಿಗೂ ಸಾರುತ್ತದೆ.

ಆ ಸುದ್ದಿ ಕೇಳಿದ ಸ್ವಿಚ್‌ಗೆ ತನ್ನ ಗುಂಪಿನ ಪಟ್ಟಿಯ ಮೇಲೆ ನಂಬಿಕೆ ಹೋಗುತ್ತದೆ. ನಿನ್ನೆ 24 ರ ಕಡೆಯಿದ್ದ ಮನೆಗಳು ಈಗ 23 ರ ಕಡೆ ಇರಬಹುದಲ್ಲ. ಚಿತ್ರ ಕಡಿಯದಿರಲಿ ಎಂದು ಅದು ಎಲ್ಲ ಗುಂಪನ್ನೂ ಎಲ್ಲ ಪೋರ್ಟ್‌ಗೂ ಸ್ವಲ್ಪ ಕಾಲ ಸುರಿಯುತ್ತದೆ. ಸಿಸ್ಕೊ ಸ್ವಿಚ್‌ಗಳಲ್ಲಿ ಡಿಫಾಲ್ಟ್ ಆಗಿ 2 ಸಾಮಾನ್ಯ ಕ್ವೆರಿ ಬರುವ ತನಕ ಸುರಿತ ನಿಲ್ಲುವುದಿಲ್ಲ. ಉದ್ದೇಶ ಒಳ್ಳೆಯದೇ. ಆದರೆ 960 ಎಂಬಿಪಿಎಸ್ ಒಮ್ಮೆಲೇ ಸುರಿದರೆ 100 ಎಂಬಿಪಿಎಸ್ ಪೋರ್ಟ್‌ಗಳೆಲ್ಲ ಕೂತುಬಿಡುತ್ತವೆ.

ಮಾಡಬೇಕಾದದ್ದು ಮೂರು. ಗ್ರಾಹಕರ ಕಡೆಯ ಪೋರ್ಟ್‌ಗಳಲ್ಲಿ ಈ ಸುರಿತವನ್ನು ಆಫ್ ಮಾಡಿ: "ನೋ ಐಪಿ ಐಜಿಎಂಪಿ ಸ್ನೂಪಿಂಗ್ ಟಿಸಿಎನ್ ಫ್ಲಡ್". ಸ್ವಿಚ್‌ಗಳ ನಡುವಿನ ಪೋರ್ಟ್‌ಗಳಲ್ಲಿ ಬಿಡಿ. ಎರಡನೆಯದಾಗಿ, ದಾರಿ ಬದಲಾದ ಕೂಡಲೇ ಕ್ವೆರಿಯನ್ನು ಕೇಳಿ ತರಿಸಿಕೊಳ್ಳುವ "ಕ್ವೆರಿ ಸಾಲಿಸಿಟ್" ಆನ್ ಮಾಡಿ, 125 ಸೆಕೆಂಡು ಕಾಯುವುದು ತಪ್ಪುತ್ತದೆ. ಮೂರನೆಯದು ಎಡ್ಜ್ ಪೋರ್ಟ್. ಎಡ್ಜ್ ಅಲ್ಲದ ಪೋರ್ಟ್‌ನಲ್ಲಿ ಒಂದು ಸೆಟ್‌ಟಾಪ್ ಆನ್ ಆದರೂ ಸ್ಪ್ಯಾನಿಂಗ್ ಟ್ರೀ ದಾರಿಯೇ ಬದಲಾಯಿತೆಂದು ಸಾರುತ್ತದೆ. 24 ಕೋಣೆಯ ರೆಸಾರ್ಟ್‌ನಲ್ಲಿ ಕರೆಂಟು ಹೋಗಿ ಬಂದಾಗ 24 ಟಿವಿಗಳೂ ಒಂದೊಂದಾಗಿ ಏಳುತ್ತವೆ, 24 ಸಲ ಸುದ್ದಿ, ಪ್ರತಿ ಸಲವೂ ಸುರಿತ. ಫೈಬರ್ ಎಲ್ಲೂ ಕಡಿದಿರುವುದೇ ಇಲ್ಲ.

ಎನ್‌ಕೋಡರ್ ಒಂದು ವಿಲ್ಯಾನ್, ಟಿವಿ ಇನ್ನೊಂದು. ಗುಂಪಿನ ಪಟ್ಟಿ ಸರಿ ಇದೆ, ಚಿತ್ರ ಬರುವುದಿಲ್ಲ. ಏನು ನೋಡಬೇಕು?

ಮೊದಲು ಎನ್‌ಕೋಡರ್‌ನ ಟಿಟಿಎಲ್. ಮಲ್ಟಿಕಾಸ್ಟ್ ಕಳಿಸುವ ಸಾಫ್ಟ್‌ವೇರ್‌ಗೆ ಏನೂ ಹೇಳದಿದ್ದರೆ ಟಿಟಿಎಲ್ 1 ಇರುತ್ತದೆ, ಅಂಥ ಪ್ಯಾಕೆಟ್ಟನ್ನು ಲೇಯರ್ 3 ಸ್ವಿಚ್ ದಾಟಿಸುವುದಿಲ್ಲ. 16 ಎಂದು ಇಡಿ. ಒಂದೇ ವಿಲ್ಯಾನ್‌ನಲ್ಲಿ ಪರೀಕ್ಷೆ ಮಾಡುವಾಗ ಬಂದ ಚಿತ್ರ ದಾಟಿಸಿದಾಗ ಬರದಿದ್ದರೆ ಹೆಚ್ಚು ಸಲ ಇದೇ.

ಆಮೇಲೆ ಆರ್‌ಪಿಎಫ್, ಅಂದರೆ ಪ್ಯಾಕೆಟ್ ಸರಿಯಾದ ಕಡೆಯಿಂದ ಬಂತೇ ಎಂಬ ತಪಾಸಣೆ. ಎನ್‌ಕೋಡರ್‌ನ ಐಪಿ ವಿಳಾಸಕ್ಕೆ ಯೂನಿಕಾಸ್ಟ್ (ಒಬ್ಬರಿಂದ ಒಬ್ಬರಿಗೆ ಹೋಗುವ) ದಾರಿ ಯಾವ ಇಂಟರ್ಫೇಸ್ ತೋರಿಸುತ್ತದೋ ಅದೇ ಇಂಟರ್ಫೇಸ್‌ನಿಂದ ಮಲ್ಟಿಕಾಸ್ಟ್ ಬರಬೇಕು, ಇಲ್ಲದಿದ್ದರೆ ಸ್ವಿಚ್ ಎಸೆಯುತ್ತದೆ. ಎನ್‌ಕೋಡರ್‌ಗೆ ತಪ್ಪು ಸಬ್‌ನೆಟ್‌ನ ವಿಳಾಸ ಕೊಟ್ಟಿದ್ದರೆ ಹೀಗಾಗುತ್ತದೆ. ಕೊನೆಗೆ ಆರ್‌ಪಿ, ಅಂದರೆ ಕಳಿಸುವವರೂ ಕೇಳುವವರೂ ಸಂಧಿಸುವ ರೂಟರ್: ಸ್ಪಾರ್ಸ್ ಮೋಡ್‌ನಲ್ಲಿ ಎಲ್ಲ ರೂಟರ್‌ಗಳೂ ಒಂದೇ ಆರ್‌ಪಿ ವಿಳಾಸ ಒಪ್ಪಿರಬೇಕು. ಒಂದೇ ಲೇಯರ್ 3 ಸ್ವಿಚ್ ಇದ್ದರೆ ಅದರ ಲೂಪ್‌ಬ್ಯಾಕ್ ವಿಳಾಸವನ್ನೇ ಆರ್‌ಪಿ ಮಾಡಿ, ಆ ಲೂಪ್‌ಬ್ಯಾಕ್ ಮೇಲೂ ಪಿಮ್ ಹಾಕಿ.

ಯಾರೂ ನೋಡದಿದ್ದರೂ ಒಂದು ಚಾನೆಲ್ ಸದಾ ಇಳಿಯುತ್ತಿರಬೇಕಾದರೆ "ಸ್ಟ್ಯಾಟಿಕ್ ಗ್ರೂಪ್" ಬಳಸಿ, "ಜಾಯಿನ್ ಗ್ರೂಪ್" ಅಲ್ಲ. ಎರಡನೆಯದರಲ್ಲಿ ಸ್ವಿಚ್ ತಾನೇ ಸದಸ್ಯನಾಗಿ ಆ ಸ್ಟ್ರೀಮ್‌ನ ಪ್ಯಾಕೆಟ್‌ಗಳು ಅದರ ಸಿಪಿಯುಗೇ ಬರುತ್ತವೆ. 8 ಎಂಬಿಪಿಎಸ್ ಅಂದರೆ 1316 ಬೈಟ್‌ನ ಪ್ಯಾಕೆಟ್ ಸೆಕೆಂಡಿಗೆ ಸುಮಾರು 760.

ಒಂದು ಪೋರ್ಟ್‌ನವರು ಎಷ್ಟು ಚಾನೆಲ್ ಬೇಕಾದರೂ ಎಳೆಯದಂತೆ ತಡೆಯಬಹುದೇ?

"ಐಪಿ ಐಜಿಎಂಪಿ ಮ್ಯಾಕ್ಸ್ ಗ್ರೂಪ್ಸ್" ಇದೆ. ಒಂದು ಸೆಟ್‌ಟಾಪ್ ಪೋರ್ಟ್‌ಗೆ 1 ಎಂದು ಇಡಬೇಡಿ. ಹಳೆಯದು ಇಳಿಯುವ ಮೊದಲೇ ಹೊಸದನ್ನು ಕೇಳುತ್ತದೆ, ಜೊತೆಗೆ ಆ 239.255.255.250 ಕೂಡ ಲೆಕ್ಕಕ್ಕೆ ಬರುತ್ತದೆ. 5 ಇಟ್ಟರೆ ನೆಮ್ಮದಿ. ಯಾವ ಗುಂಪು ಕೇಳಬಹುದು ಎಂಬುದಕ್ಕೆ ಪ್ರೊಫೈಲ್ ಬರೆದು ಪೋರ್ಟ್‌ಗೆ ಹಾಕಿ. ಕ್ಯಾಮೆರಾಗಳ 239.10.9 ಸಾಲನ್ನು ಅತಿಥಿಗಳ ಕೋಣೆಯಿಂದ ಕೇಳಲಾಗದಂತೆ ಮಾಡುವುದು ನಿಮ್ಮ ಜವಾಬ್ದಾರಿ, ಅದನ್ನು ಬಿಡಬೇಡಿ.

ಒಎಲ್‌ಟಿ (ಮನೆಗಳ ಫೈಬರ್‌ಗಳೆಲ್ಲ ಸೇರುವ ಆಪರೇಟರ್ ಕಡೆಯ ಸಾಧನ) ಇದೆ, ಮನೆಗೆ ಒಎನ್‌ಟಿ (ಫೈಬರ್ ಕೊನೆಯ ಪೆಟ್ಟಿಗೆ) ಹೋಗಿದೆ. ಸ್ವಿಚ್‌ನ ಸ್ನೂಪಿಂಗ್ ಸಾಲದೇ?

ಸಾಲದು. ಒಎಲ್‌ಟಿಯಲ್ಲೂ ಮಲ್ಟಿಕಾಸ್ಟ್ ವಿಲ್ಯಾನ್ ಮತ್ತು ಸ್ನೂಪಿಂಗ್ ಅಥವಾ ಪ್ರಾಕ್ಸಿ ಆನ್ ಇರಬೇಕು. ಪ್ರಾಕ್ಸಿ ಮೋಡ್‌ನಲ್ಲಿ ಒಎಲ್‌ಟಿ ಮನೆಗಳ ಕಡೆಗೆ ತಾನೇ ಕ್ವೆರಿ ಕಳಿಸುತ್ತದೆ, ಮೇಲಕ್ಕೆ ತಾನೇ ಒಬ್ಬ ಸದಸ್ಯನಂತೆ ಉತ್ತರಿಸುತ್ತದೆ. ಆಗ ಲೇಯರ್ 3 ಸ್ವಿಚ್‌ನ ಪಟ್ಟಿಯಲ್ಲಿ ಮನೆಗಳು ಕಾಣುವುದಿಲ್ಲ, ಒಎಲ್‌ಟಿಯ ಪೋರ್ಟ್ ಒಂದೇ ಕಾಣುತ್ತದೆ. ಗಾಬರಿ ಬೇಡ. ಆ ಪೋರ್ಟ್‌ನಲ್ಲಿ ಫಾಸ್ಟ್ ಲೀವ್ ಮಾತ್ರ ಹಾಕಬೇಡಿ.

ವೈಫೈ ಮೇಲೆ ಇದೇ ಚಾನೆಲ್ ಕೊಡಬಹುದೇ?

ಹಾಗೇ ಕೊಡಬೇಡಿ. ವೈಫೈನಲ್ಲಿ ಮಲ್ಟಿಕಾಸ್ಟ್ ಪ್ಯಾಕೆಟ್ ಮುಟ್ಟಿತೆಂಬ ಮರುಸುದ್ದಿ ಇರುವುದಿಲ್ಲ, ಹೋಗುವುದೂ ಅತಿ ನಿಧಾನದ ವೇಗದಲ್ಲಿ. ಒಂದು ಚಾನೆಲ್ ಸಾಕು ಇಡೀ ಆಕ್ಸೆಸ್ ಪಾಯಿಂಟ್ ಕೂರಿಸಲು. ಮಲ್ಟಿಕಾಸ್ಟನ್ನು ಯೂನಿಕಾಸ್ಟ್‌ಗೆ ಬದಲಿಸುವ ಸೌಲಭ್ಯ ಆಕ್ಸೆಸ್ ಪಾಯಿಂಟ್‌ನಲ್ಲಿದ್ದರೆ ಆನ್ ಮಾಡಿ, ಇಲ್ಲದಿದ್ದರೆ ಆ ಪೋರ್ಟ್‌ನಿಂದ ವಿಲ್ಯಾನ್ 50 ತೆಗೆದುಬಿಡಿ.

ಸೆಟ್‌ಟಾಪ್ ಇಲ್ಲದೆ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆ ಮಾಡುವುದು ಹೇಗೆ?

ಮೊದಲು ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ. ಎರಡೂ ಆನ್ ಇದ್ದರೆ ಸೇರುವ ರಿಪೋರ್ಟ್ ವೈಫೈ ಕಡೆಗೆ ಹೋಗಿಬಿಡಬಹುದು, ಕೇಬಲ್‌ನಲ್ಲಿ ಏನೂ ಬರುವುದಿಲ್ಲ, ನೀವು ಸ್ವಿಚ್ಚನ್ನು ಬೈಯುತ್ತಾ ಕೂರುತ್ತೀರಿ. ವಿಂಡೋಸ್ ಫೈರ್‌ವಾಲ್‌ನಲ್ಲಿ ವಿಎಲ್‌ಸಿಗೆ ಅನುಮತಿ ಕೊಡಿ. ವಿಎಲ್‌ಸಿಯಲ್ಲಿ ಯುಡಿಪಿ ವಿಳಾಸ ತೆರೆದು, "ಅಟ್" ಚಿಹ್ನೆಯ ನಂತರ 239.10.1.7, ಕೋಲನ್, ಪೋರ್ಟ್ ಸಂಖ್ಯೆ ಕೊಡಿ. ವೈರ್‌ಶಾರ್ಕ್‌ನಲ್ಲಿ ಐಜಿಎಂಪಿ ಎಂದು ಫಿಲ್ಟರ್ ಹಾಕಿ. ಹೆಕ್ಸ್ ಸಂಖ್ಯೆ 16 ಕಂಡರೆ ಎರಡನೇ ಆವೃತ್ತಿಯ ರಿಪೋರ್ಟ್, 22 ಕಂಡರೆ ಮೂರನೆಯದು, 17 ಲೀವ್, 11 ಕ್ವೆರಿ. ಚಾನೆಲ್ ಹಾಕಿ ಐದು ನಿಮಿಷ ಬಿಡಿ. ಅಷ್ಟರಲ್ಲಿ ಎರಡು ಸಲವಾದರೂ 11, ಅದರ ಬೆನ್ನಿಗೆ 10 ಸೆಕೆಂಡಿನೊಳಗೆ ನಿಮ್ಮ ರಿಪೋರ್ಟ್ ಕಾಣಬೇಕು. 11 ಕಾಣದಿದ್ದರೆ ಉಳಿದ ಯಾವ ಪರೀಕ್ಷೆಯೂ ಬೇಡ, ಕ್ವೆರಿಯರ್ ಹುಡುಕಿ.

ಲೋಡ್ ಪರೀಕ್ಷೆಗೆ ಐಪರ್ಫ್‌ನ 2 ನೇ ಆವೃತ್ತಿ ಬಳಸಿ, 3 ರಲ್ಲಿ ಮಲ್ಟಿಕಾಸ್ಟ್ ಕೇಳುವ ಸೌಲಭ್ಯ ಇಲ್ಲ. ಲಿನಕ್ಸ್ ಯಂತ್ರವೊಂದು 20 ಗುಂಪಿಗೆ ಸೇರಿ 21 ನೆಯದಕ್ಕೆ ಸೇರಲು ಒಪ್ಪದಿದ್ದರೆ ಅದು ಸ್ವಿಚ್‌ನ ಮಿತಿಯಲ್ಲ. ಲಿನಕ್ಸ್‌ನಲ್ಲೇ ಒಂದು ಸಾಕೆಟ್‌ಗೆ ಡಿಫಾಲ್ಟ್ ಮಿತಿ 20 ಇದೆ, "ಐಜಿಎಂಪಿ ಮ್ಯಾಕ್ಸ್ ಮೆಂಬರ್‌ಶಿಪ್ಸ್" ಎಂಬಲ್ಲಿ ಏರಿಸಿ.

ಐಪಿವಿ6 ಬಂದರೆ ಇದೆಲ್ಲ ಬದಲಾಗುತ್ತದೆಯೇ?

ಹೆಸರು ಬದಲಾಗುತ್ತದೆ, ಐಜಿಎಂಪಿ ಬದಲು ಎಂಎಲ್‌ಡಿ. ಅದರ ಒಂದನೇ ಆವೃತ್ತಿ ಐಜಿಎಂಪಿ ಎರಡನೆಯದಕ್ಕೆ ಸಮ, ಎರಡನೇ ಆವೃತ್ತಿ ಮೂರನೆಯದಕ್ಕೆ ಸಮ. 125, 10, 2 ಎಂಬ ಲೆಕ್ಕ ಹಾಗೇ ಇರುತ್ತದೆ. ಆದರೆ ಐಪಿವಿ6 ನಲ್ಲಿ ಪಕ್ಕದ ಯಂತ್ರದ ಮ್ಯಾಕ್ ವಿಳಾಸ ಹುಡುಕುವುದಕ್ಕೂ ಮಲ್ಟಿಕಾಸ್ಟ್ ಬೇಕು. ಎಂಎಲ್‌ಡಿ ಸ್ನೂಪಿಂಗ್ ಆನ್ ಮಾಡಿ ಕ್ವೆರಿಯರ್ ಇಡುವುದು ಮರೆತರೆ ಆಗ ಟಿವಿ ಮಾತ್ರವಲ್ಲ, ಇಂಟರ್ನೆಟ್ಟೂ ನಿಲ್ಲಬಹುದು.